ಅಕ್ಷರ ಕಲಿತ ಕಣ್ಣು



1887ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ನಿವೃತ್ತ ಬಟ್ಟೆ ವ್ಯಾಪಾರಿಯೊಬ್ಬನಿಗೆ ಇದ್ದಕ್ಕಿದ್ದಂತೆ ಓದು ತಪ್ಪಿಹೋಯಿತು. ಮಾತು ಸರಿಯಾಗಿತ್ತು, ಬುದ್ಧಿ ಚುರುಕಾಗಿತ್ತು. ನೋಟದ ಬಲಭಾಗ ಮಸುಕಾಗಿದ್ದರೂ ಎದುರು ನಿಂತವರ ಮುಖ, ಸುತ್ತಲಿನ ವಸ್ತು, ಬರೆದ ಅಂಕಿ ಎಲ್ಲವನ್ನೂ ಆತ ಗುರುತಿಸುತ್ತಿದ್ದ. ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ. ಆದರೆ ತಾನೇ ಬರೆದ ಸಾಲನ್ನು ಮತ್ತೆ ಮುಂದೆ ಹಿಡಿದರೆ ಅದು ಅವನಿಗೆ ಪರಕೀಯ ಲಿಪಿ. ಅಕ್ಷರದ ಆಕಾರ ಕಾಣುತ್ತಿತ್ತು, ಹೆಸರು ಬರುತ್ತಿರಲಿಲ್ಲ. ಬೆರಳಿನಿಂದ ಆ ಗೆರೆಗಳ ಮೇಲೆ ತಿದ್ದಿದಾಗ ಮಾತ್ರ ಅಕ್ಷರದ ಹೆಸರು ನಾಲಿಗೆಗೆ ಬರುತ್ತಿತ್ತು. ಅವನನ್ನು ಪರೀಕ್ಷಿಸಿದ ನರವೈದ್ಯ ಜೂಲ್ ದೆಜೆರಿನ್, 1892ರಲ್ಲಿ ಆತ ತೀರಿಕೊಂಡ ಬಳಿಕ ಮಿದುಳನ್ನು ಬಿಡಿಸಿ ನೋಡಿ ವರದಿ ಬರೆದ. ಪೆಟ್ಟು ಬಿದ್ದಿದ್ದುದು ಮಿದುಳಿನ ಎಡಭಾಗದ ಹಿಂಬದಿಗೆ, ಮತ್ತು ಬಲ ಅರ್ಧಗೋಳ ಕಂಡದ್ದನ್ನು ಎಡ ಅರ್ಧಗೋಳಕ್ಕೆ ಮುಟ್ಟಿಸುವ ನರತಂತುಗಳ ಕಟ್ಟಿಗೆ. ನೋಟ ಉಳಿದಿತ್ತು, ಭಾಷೆ ಉಳಿದಿತ್ತು. ಎರಡರ ನಡುವಿನ ದಾರಿ ಕಡಿದುಹೋಗಿತ್ತು. ಕೈಯಿಂದ ಭಾಷೆಗೆ ಹೋಗುವ ಬೇರೊಂದು ದಾರಿ ಕೆಡದೆ ಉಳಿದಿದ್ದರಿಂದಲೇ ಬೆರಳು ಓದಬಲ್ಲದಾಗಿತ್ತು.

ಈ ಉಪನ್ಯಾಸದಲ್ಲಿ ನಾನು ಹೇಳಬೇಕಾದ ಒಂದೇ ಮಾತು ಆ ವ್ಯಾಪಾರಿಯ ಮಿದುಳಿನಲ್ಲೇ ಅಡಗಿದೆ. ನೋಡಿ ಕಲಿಯುವುದು ಎಂದಾಗ ನಮ್ಮ ಮನಸ್ಸಿಗೆ ಬರುವುದು ಉಗ್ರಾಣದ ಚಿತ್ರ. ಕಣ್ಣು ಒಂದೊಂದೇ ಚಿತ್ರ ತೆಗೆದು ಒಳಗೆ ಪೇರಿಸುತ್ತದೆ, ಬೇಕಾದಾಗ ಮಿದುಳು ಅದನ್ನು ಹೊರಗೆ ತೆಗೆಯುತ್ತದೆ ಎಂದು ನಾವು ಭಾವಿಸುತ್ತೇವೆ. ಕಳೆದ ಕೆಲವು ದಶಕಗಳ ಸಾಕ್ಷ್ಯ ಈ ಚಿತ್ರಕ್ಕೆ ಒಪ್ಪುವುದಿಲ್ಲ. ಕಣ್ಣು ಏನನ್ನಾದರೂ ಚೆನ್ನಾಗಿ ಕಲಿತಾಗ ಮಿದುಳಿನಲ್ಲಿ ಮುಖ್ಯವಾಗಿ ಬದಲಾಗುವುದು ಸಂಬಂಧ: ನೋಟದ ಕೇಂದ್ರಗಳಿಗೂ ಧ್ವನಿ, ಕೈ, ಗಮನ ಮತ್ತು ಅರ್ಥದ ಕೇಂದ್ರಗಳಿಗೂ ನಡುವಿನ ಸಂಪರ್ಕ. ಹಾಗಾದರೆ ಬರೀ ತೋರಿಸಿದರೆ ಕಲಿಸಿದಂತಾಗದು. ವಯಸ್ಸು ಮೀರಿದವರಿಗೆ ಕಲಿಕೆ ಬಾರದು ಎಂಬ ಮಾತೂ ನಿಲ್ಲದು. ಒಮ್ಮೆ ಕಲಿತದ್ದು ತಾನೇ ಉಳಿದುಕೊಳ್ಳುತ್ತದೆ ಎಂಬ ನಂಬಿಕೆಯೂ ಸುಳ್ಳಾಗುತ್ತದೆ. ಇದನ್ನು ಪರೀಕ್ಷಿಸಲು ಅಕ್ಷರ ಕಲಿಕೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮುಖ ಗುರುತಿಸುವುದನ್ನು ಕಲಿಯದ ಮನುಷ್ಯರು ಸಿಗುವುದು ಅಪರೂಪ. ಅಕ್ಷರ ಕಲಿಯದವರು, ಎಳವೆಯಲ್ಲಿ ಕಲಿತವರು, ನಡುವಯಸ್ಸಿನಲ್ಲಿ ಕಲಿತವರು ಒಂದೇ ಊರಿನಲ್ಲಿ ಸಿಗುತ್ತಾರೆ. ಹೋಲಿಕೆ ಇಲ್ಲಿ ಸಾಧ್ಯ.

ಮೊದಲು ಸಂಪರ್ಕ ಎಂದರೆ ಏನೆಂದು ಸ್ಪಷ್ಟಪಡಿಸಿಕೊಳ್ಳೋಣ. ವಯಸ್ಕ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದಕ್ಕೆ ಸಂದೇಶ ಕೊಡುವ ಸಂಧಿಯನ್ನು ಸಿನಾಪ್ಸ್ ಎನ್ನುತ್ತಾರೆ. ಒಟ್ಟಿಗೆ ಕೆಲಸ ಮಾಡುವ ಕೋಶಗಳ ನಡುವಿನ ಸಂಧಿ ಗಟ್ಟಿಯಾಗುತ್ತ ಹೋಗುತ್ತದೆ ಎಂದು ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲಿ ತರ್ಕಿಸಿದ. ಮೊಲದ ಮಿದುಳಿನಲ್ಲಿ ಅಂಥ ಬಲವರ್ಧನೆ ಗಂಟೆಗಟ್ಟಲೆ ಉಳಿಯುತ್ತದೆ ಎಂದು ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ 1973ರಲ್ಲಿ ಪ್ರಯೋಗದಿಂದ ತೋರಿಸಿದರು. ಇನ್ನೂ ಕಣ್ಣಿಗೆ ಕಟ್ಟುವ ಪುರಾವೆ 2009ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಿಂದ ಬಂತು. ಸೋನ್ಯಾ ಹೋಫರ್ ಮತ್ತು ಸಂಗಡಿಗರು ಇಲಿಯ ಒಂದು ಕಣ್ಣನ್ನು ಕೆಲವು ದಿನ ಮುಚ್ಚಿದರು. ಅದರ ದೃಷ್ಟಿ ವಲಯದ ಕೋಶಗಳ ರೆಂಬೆಗಳ ಮೇಲೆ ಹೊಸ ಮೊಗ್ಗಿನಂಥ ಮುಳ್ಳುಗಳು ಮೂಡಿದವು. ಸಿನಾಪ್ಸ್ ಕೂರುವ ಜಾಗಗಳಿವು. ಕಣ್ಣು ತೆರೆದ ಮೇಲೆ ನೋಟ ಮೊದಲಿನಂತಾಯಿತು, ಮೊಗ್ಗುಗಳು ಮಾತ್ರ ಉಳಿದವು. ಅದೇ ಕಣ್ಣನ್ನು ಎರಡನೆಯ ಸಲ ಮುಚ್ಚಿದಾಗ ಮಿದುಳು ಬೇಗ ಹೊಂದಿಕೊಂಡಿತು, ಈ ಸಲ ಹೊಸ ಮೊಗ್ಗುಗಳು ಹೆಚ್ಚಲಿಲ್ಲ. ಅನುಭವ ಹೋದರೂ ಅದು ತುಳಿದ ದಾರಿ ಹೋಗಿರಲಿಲ್ಲ. ದೂರದ ವಲಯಗಳ ನಡುವಿನ ಸಂಪರ್ಕಕ್ಕೆ ಇನ್ನೊಂದು ಅಂಗವಿದೆ: ಉದ್ದನೆಯ ನರತಂತುಗಳು, ಮತ್ತು ಅವುಗಳಿಗೆ ತಂತಿಯ ಹೊದಿಕೆಯಂತೆ ಸುತ್ತಿಕೊಂಡ ಮಯಲಿನ್ ಎಂಬ ಕೊಬ್ಬಿನ ಪೊರೆ. ಈ ಹೊದಿಕೆಯ ಬಿಳುಪಿನಿಂದ ಆ ಭಾಗಕ್ಕೆ ಬಿಳಿ ದ್ರವ್ಯ ಎಂಬ ಹೆಸರು. ಅದರ ಸ್ಥಿತಿಯನ್ನು ಈಗ ಎಂಆರ್‌ಐ ಸ್ಕ್ಯಾನ್‌ನಲ್ಲಿ ಅಂದಾಜು ಮಾಡಬಹುದು.

ಸಂಪರ್ಕ ಎಂದ ಮಾತ್ರಕ್ಕೆ ಹೆಚ್ಚಿದಷ್ಟೂ ಒಳ್ಳೆಯದು ಎಂದು ತಿಳಿಯಬಾರದು. ಮನುಷ್ಯನ ದೃಷ್ಟಿ ವಲಯದಲ್ಲಿ ಸಿನಾಪ್ಸ್‌ಗಳ ದಟ್ಟಣೆ ಗರಿಷ್ಠ ಮುಟ್ಟುವುದು ಮಗುವಿಗೆ ಸುಮಾರು ಎಂಟು ತಿಂಗಳಾದಾಗ. ಹನ್ನೊಂದನೆಯ ವಯಸ್ಸಿನ ಹೊತ್ತಿಗೆ ಅದು ಸುಮಾರು ಶೇ. 60ಕ್ಕೆ ಇಳಿದಿರುತ್ತದೆ. ಪೀಟರ್ ಹಟನ್‌ಲಾಕರ್ ಎಂಬ ನರವೈದ್ಯ ಮರಣೋತ್ತರ ಮಿದುಳುಗಳಲ್ಲಿ ಎಣಿಸಿ ಇದನ್ನು ಕಂಡುಕೊಂಡ. ಅಂದರೆ ಮಗು ಜಗತ್ತನ್ನು ನೋಡಲು ಕಲಿಯುವ ವರ್ಷಗಳೇ ಸಿನಾಪ್ಸ್ ಕಳೆದುಕೊಳ್ಳುವ ವರ್ಷಗಳು. ಕಾಫಿ ತೋಟದಲ್ಲಿ ಚಿಗುರು ಸವರುವವರಿಗೆ ಇದನ್ನು ವಿವರಿಸಬೇಕಿಲ್ಲ: ಬೇಡದ ಚಿಗುರು ತೆಗೆದಾಗಲೇ ಬೇಕಾದ ರೆಂಬೆಗೆ ಬಲ. ಯಾವುದು ಉಳಿಯಬೇಕು ಎಂಬುದನ್ನು ತೀರ್ಮಾನಿಸುವುದು ಬಳಕೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಎಳೆಯ ಬೆಕ್ಕಿನ ಮರಿಯ ಒಂದು ಕಣ್ಣು ಮುಚ್ಚಿ ಬೆಳೆಸಿದಾಗ, ದೃಷ್ಟಿ ವಲಯದ ಕೋಶಗಳು ಆ ಕಣ್ಣಿನ ಕರೆಗೆ ಓಗೊಡುವುದನ್ನೇ ಬಿಟ್ಟವು. ಕಣ್ಣಿನಲ್ಲಿ ದೋಷವಿರಲಿಲ್ಲ, ಅದರ ಮಾತು ಕೇಳುವವರು ಇರಲಿಲ್ಲ. ಈ ಕೆಲಸಕ್ಕೆ ಅವರಿಗೆ 1981ರ ನೊಬೆಲ್ ಬಹುಮಾನದಲ್ಲಿ ಪಾಲು ಬಂತು.

ಈಗ ಅಕ್ಷರಕ್ಕೆ ಬರೋಣ. ಲೋಕದಲ್ಲಿ ಬರವಣಿಗೆ ಹುಟ್ಟಿ ಐದು ಸಾವಿರ ವರ್ಷಗಳ ಮೇಲೆ ಸ್ವಲ್ಪ ಆಗಿರಬಹುದು. ಕನ್ನಡದ ಹಲ್ಮಿಡಿ ಶಾಸನಕ್ಕೆ ಸುಮಾರು ಒಂದೂವರೆ ಸಾವಿರ ವರ್ಷ. ಜೀವವಿಕಾಸದ ಲೆಕ್ಕದಲ್ಲಿ ಇದು ಕಣ್ಣು ಮಿಟುಕಿಸುವಷ್ಟು ಹೊತ್ತು. ಇಷ್ಟರಲ್ಲಿ ಓದಿಗೆಂದೇ ಒಂದು ಅಂಗ ಮಿದುಳಿನಲ್ಲಿ ಬೆಳೆದಿರಲು ಸಾಧ್ಯವಿಲ್ಲ. ಆದರೂ ಓದಬಲ್ಲವರ ಮಿದುಳನ್ನು ನೋಡಿದರೆ, ಲಿಪಿ ಯಾವುದೇ ಇರಲಿ, ಎಡಭಾಗದ ಕೆಳಬದಿಯಲ್ಲಿ ಸರಿಸುಮಾರು ಒಂದೇ ಜಾಗ ಬರೆದ ಪದಕ್ಕೆ ಸ್ಪಂದಿಸುತ್ತದೆ. ಫ್ರಾನ್ಸ್‌ನ ಲಾರೆಂ ಕೋಹೆನ್ ಮತ್ತು ಸ್ಟಾನಿಸ್ಲಾಸ್ ದೆಹೆನ್ 2000ದಲ್ಲಿ ಅದನ್ನು ಪದರೂಪದ ದೃಷ್ಟಿ ವಲಯ ಎಂದು ಹೆಸರಿಸಿದರು. ಓದು ಬರುವ ಮೊದಲು ಅದು ವಸ್ತು, ಮುಖ, ಗೆರೆಗಳ ಕೂಡುವಿಕೆಯನ್ನು ಗುರುತಿಸುವ ಜಾಗ. ಹಳೆಯ ಮನೆಯ ಕೋಣೆಗೆ ಹೊಸ ಬಳಕೆ ಬಂದಂತೆ, ಆ ಜಾಗ ಅಕ್ಷರಕ್ಕೆ ಒಗ್ಗುತ್ತದೆ. ದೆಹೆನ್ ಇದನ್ನು ನರಕೋಶಗಳ ಮರುಬಳಕೆ ಎಂದ. ಆದರೆ ಆ ಕೋಣೆಯೇ ಏಕೆ? 2016ರಲ್ಲಿ ಜೈನೆಪ್ ಸಾಯ್ಗಿನ್ ಮತ್ತು ಸಂಗಡಿಗರು ಕೊಟ್ಟ ಉತ್ತರ ನನ್ನ ವಾದಕ್ಕೆ ಅಡಿಪಾಯ. ಅವರು ಇನ್ನೂ ಓದು ಬಾರದ ಐದು ವರ್ಷದ ಮಕ್ಕಳ ಮಿದುಳಿನ ಸಂಪರ್ಕಗಳನ್ನು ಅಳೆದಿಟ್ಟುಕೊಂಡರು. ಅದೇ ಮಕ್ಕಳು ಎಂಟು ವರ್ಷದವರಾಗಿ ಓದು ಕಲಿತ ಮೇಲೆ ಮತ್ತೆ ನೋಡಿದರು. ಪ್ರತಿ ಮಗುವಿನ ಪದವಲಯ ಎಲ್ಲಿ ನೆಲೆಗೊಳ್ಳುತ್ತದೆ ಎಂಬುದನ್ನು ಐದನೆಯ ವಯಸ್ಸಿನ ಸಂಪರ್ಕಗಳೇ ಮುಂಚಿತವಾಗಿ ಹೇಳಿದ್ದವು. ಜಾಗದ ಮಹಿಮೆ ಜಾಗದ್ದಲ್ಲ, ಅದು ಯಾವ ಯಾವ ದಾರಿಗಳು ಕೂಡುವ ನಾಲ್ಕುರಸ್ತೆಯಲ್ಲಿದೆ ಎಂಬುದರದ್ದು.

ಆ ನಾಲ್ಕುರಸ್ತೆಯಲ್ಲಿ ಸಂಚಾರ ಶುರುವಾದಾಗ ಏನಾಗುತ್ತದೆ? 2010ರಲ್ಲಿ ದೆಹೆನ್ ತಂಡ ಪೋರ್ಚುಗಲ್ ಮತ್ತು ಬ್ರೆಜಿಲ್‌ನ 63 ವಯಸ್ಕರನ್ನು ಸ್ಕ್ಯಾನ್ ಮಾಡಿತು. ಅವರಲ್ಲಿ 10 ಮಂದಿ ಅನಕ್ಷರಸ್ಥರು, 22 ಮಂದಿ ಬಾಲ್ಯದಲ್ಲಿ ಶಾಲೆಗೆ ಹೋಗದೆ ದೊಡ್ಡವರಾದ ಮೇಲೆ ಅಕ್ಷರ ಕಲಿತವರು, 31 ಮಂದಿ ಶಾಲೆ ಕಲಿತವರು. ಓದು ಬಲ್ಲವರಲ್ಲಿ ಪದವಲಯ ಬರಹಕ್ಕೆ ಜೋರಾಗಿ ಸ್ಪಂದಿಸಿತು. ಕಣ್ಣಿನಿಂದ ಬಂದ ಸಂಕೇತ ಮೊದಲು ಮುಟ್ಟುವ ದೃಷ್ಟಿ ವಲಯವೂ ಬದಲಾಗಿತ್ತು. ಬರಹವನ್ನು ಕಂಡಾಗ ಮಾತಿನ ಜಾಲವೂ ಎಚ್ಚರಗೊಳ್ಳುತ್ತಿತ್ತು. ಇವರಲ್ಲೇ ನಡೆದ ಮುಂದಿನ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಎಡಭಾಗದಲ್ಲಿ ಮಾತಿನ ವಲಯಗಳನ್ನು ಕೂಡಿಸುವ, ಕಮಾನಿನಂತೆ ಬಾಗಿದ ದೊಡ್ಡ ನರತಂತುಕಟ್ಟು ಸಾಕ್ಷರರಲ್ಲಿ ಹೆಚ್ಚು ವ್ಯವಸ್ಥಿತವಾಗಿತ್ತು ಎಂದು ಅದು ಕಂಡಿತು. ಬೇರೊಂದು ದಿಕ್ಕಿನಿಂದಲೂ ಇದೇ ಮಾತು ಬಂದಿದೆ. ಕೊಲಂಬಿಯಾದಲ್ಲಿ ಆಯುಧ ಕೆಳಗಿಟ್ಟು ಸಮಾಜಕ್ಕೆ ಮರಳಿದ ಗೆರಿಲ್ಲಾಗಳಲ್ಲಿ ಅಕ್ಷರ ಕಲಿತವರನ್ನೂ ಇನ್ನೂ ಕಲಿಯದವರನ್ನೂ ಮ್ಯಾನುಯೆಲ್ ಕರೇರಾಸ್ ತಂಡ ಹೋಲಿಸಿತು. 2009ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಎರಡು ಅರ್ಧಗೋಳಗಳನ್ನು ಬೆಸೆಯುವ ಸೇತುವೆಯ ಹಿಂಬದಿಯಲ್ಲಿ ಅಕ್ಷರ ಕಲಿತವರಿಗೆ ಬಿಳಿ ದ್ರವ್ಯ ಹೆಚ್ಚಿತ್ತು. ಸೇತುವೆಯ ಈ ಹಿಂಬದಿಯೇ ಪ್ಯಾರಿಸ್‌ನ ವ್ಯಾಪಾರಿಯಲ್ಲಿ ಕಡಿದುಹೋಗಿದ್ದ ಜಾಗ.

ಇಲ್ಲಿ ಜಾಗರೂಕ ಓದುಗರ ಮೊದಲ ಆಕ್ಷೇಪ ಏಳಲೇಬೇಕು. ಓದು ಬಲ್ಲವರಿಗೂ ಬಾರದವರಿಗೂ ಇರುವ ವ್ಯತ್ಯಾಸ ಓದೊಂದೇ ಅಲ್ಲ. ಮನೆಯ ಬಡತನ, ಬಾಲ್ಯದ ಹಸಿವು, ಮಾಡುವ ಕೆಲಸ, ಶಾಲೆಯ ಶಿಸ್ತು ಎಲ್ಲವೂ ಮಿದುಳಿನ ಮೇಲೆ ಗುರುತು ಬಿಡುತ್ತವೆ. ಸ್ಕ್ಯಾನ್‌ನಲ್ಲಿ ಕಂಡ ವ್ಯತ್ಯಾಸವನ್ನು ಅಕ್ಷರದ ಖಾತೆಗೇ ಜಮಾ ಮಾಡುವುದು ಸರಿಯೇ? ಆಕ್ಷೇಪ ನ್ಯಾಯವಾದದ್ದು. ಇದಕ್ಕೆ ಉತ್ತರ ಸಿಗುವುದು ಒಬ್ಬರನ್ನೇ ಕಲಿಯುವ ಮೊದಲು ಮತ್ತು ಕಲಿತ ನಂತರ ನೋಡಿದಾಗ. ಅಂಥದೊಂದು ಅಧ್ಯಯನ ನಡೆದದ್ದು ಲಖನೌ ಸಮೀಪದ ಹಳ್ಳಿಗಳಲ್ಲಿ; ಅದು 2017ರಲ್ಲಿ ಪ್ರಕಟವಾಯಿತು. ಹಿಂದಿ ಮಾತಾಡುವ, ಅಕ್ಷರ ಬಾರದ, ಬಹುಪಾಲು ಮಹಿಳೆಯರೇ ಇದ್ದ ಗುಂಪಿನಲ್ಲಿ 21 ಮಂದಿಗೆ ಆರು ತಿಂಗಳು ದೇವನಾಗರಿ ಓದು ಬರಹ ಕಲಿಸಲಾಯಿತು. ಅದೇ ಹಿನ್ನೆಲೆಯ 9 ಮಂದಿಗೆ ಕಲಿಸಲಿಲ್ಲ. ಕಲಿತವರ ಮಿದುಳಿನಲ್ಲಿ ಪ್ರಾಥಮಿಕ ದೃಷ್ಟಿ ವಲಯಕ್ಕೂ, ಮಿದುಳುಕಾಂಡ ಮತ್ತು ಥಲಾಮಸ್ ಎಂಬ ಆಳದ ಭಾಗಗಳಿಗೂ ನಡುವೆ ಹೊಂದಾಣಿಕೆ ಬಿಗಿಯಾಗಿತ್ತು. ಕಣ್ಣನ್ನು ಎತ್ತ ತಿರುಗಿಸಬೇಕು, ಯಾವುದಕ್ಕೆ ಗಮನ ಕೊಡಬೇಕು ಎಂಬುದರಲ್ಲಿ ಕೈಯಿರುವ ಭಾಗಗಳಿವು. ಕಲಿಯದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಬಡತನ ಆರು ತಿಂಗಳಲ್ಲಿ ಬದಲಾಗಿರಲಿಲ್ಲ, ಬದಲಾದದ್ದು ಅಕ್ಷರ. ಇದೇ ಬಗೆಯ ಇನ್ನೆರಡು ಸಾಕ್ಷ್ಯಗಳನ್ನು ಜೊತೆಗಿಡಬಹುದು. ಅಮೆರಿಕದ ತಿಮೊತಿ ಕೆಲರ್ ಮತ್ತು ಮಾರ್ಸೆಲ್ ಜಸ್ಟ್, ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ನೂರು ಗಂಟೆಯ ವಿಶೇಷ ಪಾಠ ಕೊಟ್ಟ ಬಳಿಕ ಬಿಳಿ ದ್ರವ್ಯದ ಸ್ಥಿತಿ ಸುಧಾರಿಸಿದ್ದನ್ನು 2009ರಲ್ಲಿ ವರದಿ ಮಾಡಿದರು. ಅದೇ ವರ್ಷ ಇನ್ನೊಂದು ತಂಡ, ನೋಟದ ಮೂಲೆಯಲ್ಲಿ ತಲೆಕೆಳಗಾದ ಒಂದು ಆಕಾರವನ್ನು ಗುಂಪಿನಲ್ಲಿ ಗುರುತಿಸುವ ಅಭ್ಯಾಸವನ್ನು ಜನರಿಗೆ ಹಲವು ದಿನ ಮಾಡಿಸಿತು. ಅಭ್ಯಾಸ ಮುಗಿದು ಅವರು ಏನೂ ಮಾಡದೆ ಸುಮ್ಮನೆ ಮಲಗಿದ್ದಾಗಲೂ ದೃಷ್ಟಿ ವಲಯ ಮತ್ತು ಗಮನದ ಜಾಲದ ನಡುವಿನ ಸಂಬಂಧ ಮೊದಲಿನಂತಿರಲಿಲ್ಲ; ಆ ಬದಲಾವಣೆಗೂ ಅವರು ಕಲಿತ ಪ್ರಮಾಣಕ್ಕೂ ತಾಳೆಯಿತ್ತು.

ಸಾಕ್ಷ್ಯ ಎಲ್ಲವೂ ಒಂದೇ ಕಡೆ ವಾಲುತ್ತದೆ ಎಂದು ಹೇಳಿದರೆ ಅದು ಪ್ರಾಮಾಣಿಕತೆಯಾಗದು. 2010ರ ಅಧ್ಯಯನ ಇನ್ನೆರಡು ಮಾತು ಹೇಳಿತ್ತು. ಅಕ್ಷರ ಬಂದು ಕೂತ ಎಡಭಾಗದ ಜಾಗದಲ್ಲಿ ಮುಖಕ್ಕೆ ಸಿಗುತ್ತಿದ್ದ ಸ್ಪಂದನ ತುಸು ಕುಗ್ಗುತ್ತದೆ ಎಂಬುದು ಒಂದು. ಕೇಳಿದ ಮಾತಿಗೆ ಶ್ರವಣ ವಲಯದ ಸ್ಪಂದನ ಹೆಚ್ಚುತ್ತದೆ ಎಂಬುದು ಇನ್ನೊಂದು. ಓದು ಬಂದರೆ ಮುಖ ಮರೆತೀತು ಎಂಬರ್ಥದ ಸುದ್ದಿಗಳು ಆಗ ಹರಡಿದವು. ಆದರೆ ಅಲೆಕ್ಸಿಸ್ ಹರ್ವೆ ಏಡಲ್‌ಮನ್, ಫಾಲ್ಕ್ ಹ್ಯೂಟಿಗ್ ಮತ್ತು ಸಂಗಡಿಗರು ಉತ್ತರ ಭಾರತದ ಹಳ್ಳಿಗರಲ್ಲಿ ಇನ್ನೂ ದೊಡ್ಡ ಗುಂಪನ್ನು ಪರೀಕ್ಷಿಸಿದಾಗ, 2019ರ ವರದಿಯ ಪ್ರಕಾರ, ಮುಖದ ಸ್ಪಂದನ ಕುಗ್ಗಿದ್ದಕ್ಕೆ ಆಧಾರ ಸಿಗಲಿಲ್ಲ. ಮಾತಿನ ಸ್ಪಂದನ ಹೆಚ್ಚುತ್ತದೆ ಎಂಬುದಕ್ಕೂ 2022ರ ಅವರ ವರದಿಯಲ್ಲಿ ಬೆಂಬಲವಿರಲಿಲ್ಲ. ಬದಲಾಗಿ ಅವರಿಗೆ ಸಿಕ್ಕಿದ್ದು, ಧ್ವನಿಯನ್ನು ಬಿಡಿಸುವ ವಲಯಕ್ಕೂ ಅಕ್ಷರ ಬರೆಯುವ ಕೈಚಲನೆಯ ವಲಯಕ್ಕೂ ನಡುವೆ ಸಾಕ್ಷರರಲ್ಲಿ ಗಟ್ಟಿಯಾದ ಸಂಪರ್ಕ. ಒಂದೊಂದು ಜಾಗ ಎಷ್ಟು ಬೆಳಗುತ್ತದೆ ಎಂಬ ಲೆಕ್ಕ ಅಧ್ಯಯನದಿಂದ ಅಧ್ಯಯನಕ್ಕೆ ಕದಲಿತು. ಜಾಗಗಳ ನಡುವಿನ ನಂಟು ಬದಲಾಗುತ್ತದೆ ಎಂಬ ಮಾತು ಕದಲಲಿಲ್ಲ.

ಲಿಪಿ ಯಾವುದಾದರೇನು ಎಂದು ಕೇಳಬಹುದು. ಲಿಪಿ ಏನನ್ನು ಬೇಡುತ್ತದೋ ಅದನ್ನಷ್ಟೇ ಕಣ್ಣು ಕಲಿಯುತ್ತದೆ. ಕಾಡಿನಲ್ಲಿ ಹುಲಿ ಎಡಕ್ಕೆ ತಿರುಗಿದ್ದರೂ ಬಲಕ್ಕೆ ತಿರುಗಿದ್ದರೂ ಹುಲಿಯೇ. ಆದ್ದರಿಂದ ಕನ್ನಡಿಯ ಬಿಂಬವನ್ನು ಮೂಲದೊಂದಿಗೆ ಸಮೀಕರಿಸುವುದು ಮಿದುಳಿನ ಹಳೆಯ ರೂಢಿ. ಇಂಗ್ಲಿಷಿನ ಬಿ ಮತ್ತು ಡಿ ಎಂಬ ಸಣ್ಣಕ್ಷರಗಳನ್ನು ಬೇರೆ ಮಾಡಬೇಕಾದರೆ ಈ ರೂಢಿಯನ್ನು ಮುರಿಯಬೇಕು. ತಮಿಳು ಲಿಪಿಯಲ್ಲಿ ಅಂಥ ಜೋಡಿಗಳಿಲ್ಲ. ತಮಿಳರಲ್ಲಿ ಅಧ್ಯಯನ ನಡೆಸಿದ ಎರಿಕ್ ಪೀಡರ್ಸನ್, ತಮಿಳು ಮಾತ್ರ ಓದಬಲ್ಲವರು ಕನ್ನಡಿ ಬಿಂಬಗಳ ವಿಷಯದಲ್ಲಿ ಅನಕ್ಷರಸ್ಥರಂತೆಯೇ ನಡೆದುಕೊಂಡದ್ದನ್ನೂ, ರೋಮನ್ ಲಿಪಿಯೂ ಬಲ್ಲವರು ವ್ಯತ್ಯಾಸ ಹಿಡಿದದ್ದನ್ನೂ ಕಂಡರು. ಕನ್ನಡ ಲಿಪಿಯ ಬೇಡಿಕೆಗಳು ಬೇರೆ. ರ ಮತ್ತು ಠ ನಡುವೆ ಒಂದು ಚುಕ್ಕೆ, ಬ ಮತ್ತು ಭ ನಡುವೆ ಒಂದು ಸೀಳು. ವರ್ಣಮಾಲೆಯಲ್ಲಿ 49 ಅಕ್ಷರಗಳಾದರೂ ಕಣ್ಣಿನ ಪಾಲಿಗೆ ಅದು ಆರಂಭ ಅಷ್ಟೇ. ತಲೆಕಟ್ಟು, ಗುಡಿಸು, ಕೊಂಬು, ಏತ್ವ, ಓತ್ವಗಳು ಸೇರಿ ಕಾಗುಣಿತವಾಗಿ, ಒತ್ತಕ್ಷರಗಳು ಕೆಳಗೆ ಕೂತು, ನೂರಾರು ರೂಪಗಳಾಗುತ್ತವೆ. ಸೂರ್ಯ ಎಂಬ ಪದದಲ್ಲಿ ಅರ್ಕಾವತ್ತು ಬಳಸಿದರೆ ಮೊದಲು ಕೇಳುವ ರಕಾರ ಕೊನೆಯಲ್ಲಿ ಕಾಣುತ್ತದೆ. ಕಣ್ಣಿನ ಕ್ರಮವನ್ನೂ ಕಿವಿಯ ಕ್ರಮವನ್ನೂ ಹೊಂದಿಸುವ ಕೆಲಸ ಇಲ್ಲಿ ಹೆಜ್ಜೆಹೆಜ್ಜೆಗೂ ಇದೆ. ಕನ್ನಡ ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ತೋರಿಸಿದಂತೆ, ಅಕ್ಷರಜ್ಞಾನ ಮೊದಲ ವರ್ಷಕ್ಕೇ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತ ಹೋಗುತ್ತದೆ. ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದನ್ನು ಮಂದಬುದ್ಧಿ ಎಂದು ಕರೆಯುವವರು ಲಿಪಿಯ ಲೆಕ್ಕವನ್ನೇ ಮರೆತಿದ್ದಾರೆ.

ಉಗ್ರಾಣದ ಚಿತ್ರವನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಪ್ರಯೋಗ. ಓದು ಪಳಗಿದಂತೆ ಮಿದುಳು ಉದ್ದುದ್ದ ಅಕ್ಷರಗುಚ್ಛಗಳಿಗೆ ಒಂದೊಂದು ಅಚ್ಚು ಎರಕ ಹೊಯ್ದುಕೊಳ್ಳುತ್ತದೆಯೇ, ಅಥವಾ ಬಿಡಿ ಅಕ್ಷರಗಳನ್ನು ಸ್ಫುಟವಾಗಿ ಕಂಡು ಕೂಡಿಸುವುದರಲ್ಲಿ ನುರಿಯುತ್ತದೆಯೇ? ಆಕಾಶ್ ಅಗ್ರವಾಲ್, ಕೆ.ವಿ.ಎಸ್. ಹರಿ ಮತ್ತು ಎಸ್.ಪಿ. ಅರುಣ್ ತೆಲುಗು ಓದಬಲ್ಲ, ಮಲಯಾಳಂ ಓದಲು ಬಾರದವರನ್ನೂ ಮಲಯಾಳಂ ಓದಬಲ್ಲ, ತೆಲುಗು ಓದಲು ಬಾರದವರನ್ನೂ ಎದುರುಬದುರು ನಿಲ್ಲಿಸಿದರು. ಒಬ್ಬರಿಗೆ ಓದಾದದ್ದು ಇನ್ನೊಬ್ಬರಿಗೆ ಬರೀ ಗೆರೆ. 2019ರಲ್ಲಿ ಪ್ರಕಟವಾದ ಫಲಿತಾಂಶ ಎರಡನೆಯ ಪಕ್ಷದ ಪರ ನಿಂತಿತು. ತಮ್ಮ ಲಿಪಿಯಲ್ಲಿ ಓದುಗರು ಒಂದೊಂದು ಅಕ್ಷರವನ್ನೂ ಹೆಚ್ಚು ಬೇಗ ಬೇರ್ಪಡಿಸಿದರು. ಪಕ್ಕಪಕ್ಕದ ಅಕ್ಷರಗಳು ಒಂದನ್ನೊಂದು ಕಲಸುವುದು ಅವರಲ್ಲಿ ಕಡಿಮೆಯಾಗಿತ್ತು, ಮತ್ತು ಅದು ಕಡಿಮೆಯಾದಷ್ಟೂ ಅವರ ಓದು ಸರಾಗವಾಗಿತ್ತು. ಜೋಡಿ ಅಕ್ಷರಕ್ಕೆ ಮಿದುಳು ಕೊಡುವ ಸ್ಪಂದನವನ್ನು ಬಿಡಿ ಅಕ್ಷರಗಳ ಸ್ಪಂದನದಿಂದಲೇ ಊಹಿಸಬಹುದಿತ್ತು. ಕಲಿತ ಕಣ್ಣು ದಾಸ್ತಾನು ಹೆಚ್ಚಿಸಿಕೊಂಡಿರಲಿಲ್ಲ, ಜೋಡಣೆಯ ನಿಯಮವನ್ನು ಹಗುರ ಮಾಡಿಕೊಂಡಿತ್ತು.

ಇದರಿಂದ ಪಾಠದ ಕೋಣೆಗೆ ಏನು ಬರುತ್ತದೆ? ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು ಎಂದು ವಿಂಗಡಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಬೇಕು ಎಂಬ ಮಾತು ತರಬೇತಿ ಶಿಬಿರಗಳಲ್ಲಿ ಈಗಲೂ ಕೇಳುತ್ತದೆ. ಹೆರಾಲ್ಡ್ ಪಾಷ್ಲರ್ ಮತ್ತು ಸಂಗಡಿಗರು 2008ರಲ್ಲಿ ಈ ವಾದದ ಆಧಾರಗಳನ್ನು ಒಂದೊಂದಾಗಿ ಪರಿಶೀಲಿಸಿ, ಅದನ್ನು ಜಾರಿಗೆ ತರುವಷ್ಟು ಪುರಾವೆ ಇಲ್ಲವೆಂದರು. ಸಂಪರ್ಕದ ದೃಷ್ಟಿಯಿಂದ ನೋಡಿದರೆ ಇದು ಸಹಜ: ಕಣ್ಣನ್ನು ಕಿವಿಯಿಂದ ಬೇರ್ಪಡಿಸಿದರೆ ಕಟ್ಟಬೇಕಾದ ಸೇತುವೆಯೇ ಇಲ್ಲದಾಗುತ್ತದೆ. ಹೊಸದಾಗಿ ಹೊಸೆದ ಒಂದು ಲಿಪಿಯನ್ನು ವಯಸ್ಕರಿಗೆ ಎರಡು ರೀತಿಯಲ್ಲಿ ಕಲಿಸಿದ ಯೂಲಿಯಾ ಯೋಂಚೇವಾ ಮತ್ತು ಬ್ರೂಸ್ ಮೆಕ್‌ಕ್ಯಾಂಡ್ಲಿಸ್ ಅವರ 2015ರ ಪ್ರಯೋಗ ಇದನ್ನೇ ಹೇಳುತ್ತದೆ. ಅಕ್ಷರ ಮತ್ತು ಧ್ವನಿಯನ್ನು ಕೂಡಿಸಿ ಕಲಿತಾಗ, ಪದ ಕಂಡು ಸೆಕೆಂಡಿನ ಐದನೇ ಒಂದು ಭಾಗದೊಳಗೆ ಮಿದುಳಿನ ಎಡಭಾಗ, ಅಂದರೆ ಪಳಗಿದ ಓದುಗರ ಭಾಗ, ಸ್ಪಂದಿಸಿತು. ಇಡೀ ಪದವನ್ನು ಚಿತ್ರದಂತೆ ಕಲಿತಾಗ ಸ್ಪಂದನ ಬಲಕ್ಕೆ ವಾಲಿತು. ಕೈಯ ವಿಷಯದಲ್ಲೂ ಸೂಕ್ಷ್ಮವಿದೆ. ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ 2012ರಲ್ಲಿ ಇನ್ನೂ ಓದು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಮೂರು ವಿಧದಲ್ಲಿ ಕಲಿಸಿದರು: ಕೀಲಿ ಒತ್ತಿ, ಗೆರೆಯ ಮೇಲೆ ತಿದ್ದಿ, ಸ್ವತಃ ಬರೆದು. ಸ್ವತಃ ಬರೆದಾಗಲೇ ಓದಿನ ಜಾಲ ಹೆಚ್ಚು ಎಚ್ಚೆತ್ತಿತು. ಮರಳಿನಲ್ಲಿ, ಸ್ಲೇಟಿನಲ್ಲಿ ತಿದ್ದಿಸುವ ನಮ್ಮ ಪದ್ಧತಿಗೆ ಇದರಲ್ಲಿ ಸಮರ್ಥನೆಯೂ ಇದೆ, ಎಚ್ಚರಿಕೆಯೂ ಇದೆ. ತಿದ್ದುವುದು ಬಾಗಿಲು ಮಾತ್ರ. ಮಗು ತಾನೇ, ಅಂಕುಡೊಂಕಾಗಿ, ಬರೆದ ಅಕ್ಷರವೇ ಕಣ್ಣಿಗೂ ಕೈಗೂ ಗಂಟು ಹಾಕುವುದು.

ಎರಡನೆಯ ದೊಡ್ಡ ಆಕ್ಷೇಪ ವಯಸ್ಸಿನದು. ಹ್ಯೂಬೆಲ್ ಮತ್ತು ವೀಸೆಲ್ ಅವರ ಬೆಕ್ಕಿನ ಮರಿಗಳು ನಿರ್ಣಾಯಕ ಅವಧಿ ಎಂಬ ಕಲ್ಪನೆಯನ್ನು ಕೊಟ್ಟವು. ಆ ಅವಧಿ ದಾಟಿದ ಮೇಲೆ ಕಣ್ಣು ತೆರೆದರೂ ನಷ್ಟ ತುಂಬುತ್ತಿರಲಿಲ್ಲ. ಹಾಗಾದರೆ ಬೆಳೆದವರಿಗೆ ಕಲಿಸುವುದು ವ್ಯರ್ಥವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಎಂಐಟಿಯ ಪವನ್ ಸಿನ್ಹಾ ಭಾರತದಲ್ಲಿ ಪ್ರಕಾಶ್ ಯೋಜನೆಯನ್ನು ಕಟ್ಟಿದರು: ಹುಟ್ಟು ಕುರುಡಿನ, ಆದರೆ ಚಿಕಿತ್ಸೆಗೆ ಒಗ್ಗುವ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಅವರ ನೋಟ ಬೆಳೆಯುವುದನ್ನು ಗಮನಿಸುವ ಕೆಲಸ. 2011ರ ವರದಿಯಲ್ಲಿ 8ರಿಂದ 17 ವರ್ಷದ ಐವರು ಇದ್ದರು. ಕಣ್ಣು ಬಂದ ಕೂಡಲೇ, ಕೈಯಿಂದ ಮುಟ್ಟಿ ತಿಳಿದ ವಸ್ತುವನ್ನು ನೋಡಿ ಗುರುತಿಸುವುದು ಅವರಿಗೆ ಆಗಲಿಲ್ಲ. ಕೆಲವೇ ದಿನಗಳಲ್ಲಿ ಅದು ಗಣನೀಯವಾಗಿ ಸುಧಾರಿಸಿತು. ನೋಟದ ಸೂಕ್ಷ್ಮತೆ ಪೂರ್ತಿ ಬರದಿದ್ದರೂ ಸ್ಪರ್ಶ ಮತ್ತು ದೃಷ್ಟಿಯ ನಂಟು ಕಟ್ಟಿಕೊಂಡಿತು. ಬೇರೆ ಬೇರೆ ಸಾಮರ್ಥ್ಯಗಳಿಗೆ ಬೇರೆ ಬೇರೆ ಗಡಿಗಳಿವೆ. ಕಣ್ಣಿನಿಂದ ಬರುವ ಮೂಲ ಸಂಕೇತದ ಗಡಿ ಬಿಗಿ, ವಲಯ ವಲಯಗಳನ್ನು ಕೂಡಿಸುವ ಕಲಿಕೆಯ ಗಡಿ ಸಡಿಲ. ಲಖನೌ ಬಳಿಯ ಹಳ್ಳಿಯ ಮಹಿಳೆಯರು, ಕೊಲಂಬಿಯಾದ ಮಾಜಿ ಗೆರಿಲ್ಲಾಗಳು, ಬ್ರೆಜಿಲ್ ಮತ್ತು ಪೋರ್ಚುಗಲ್‌ನ 22 ತಡ ಕಲಿತವರು ಈ ಎರಡನೆಯದಕ್ಕೆ ಸಾಕ್ಷಿ. ಎಳವೆಯಲ್ಲಿ ಕಲಿಯುವುದು ಸುಲಭ ಎನ್ನುವುದು ನಿಜ. ತಡವಾದರೆ ಅಸಾಧ್ಯ ಎನ್ನುವುದು ಅದರಿಂದ ಹುಟ್ಟುವ ತೀರ್ಮಾನವಲ್ಲ.

ಮೂರನೆಯ ಆಕ್ಷೇಪ ಅಧ್ಯಾಪಕರಿಂದ ಬರುತ್ತದೆ, ಬರಲೂಬೇಕು. ಅಭ್ಯಾಸ ಬೇಕು, ಧ್ವನಿಯೊಂದಿಗೆ ಕಲಿಸಬೇಕು, ಬರೆಸಬೇಕು ಎಂಬುದು ಒಂದನೇ ತರಗತಿಯ ಅನುಭವಿ ಮೇಡಂಗೆ ಗೊತ್ತಿಲ್ಲವೇ; ಅದಕ್ಕೆ ಸ್ಕ್ಯಾನರ್ ಏಕೆ? ಮಿದುಳಿನ ಚಿತ್ರ ಒಂದು ಬೋಧನಾ ಕ್ರಮವನ್ನು ತಾನೇ ಹುಟ್ಟಿಸಲಾರದು, ಒಪ್ಪುತ್ತೇನೆ. ಒಂದು ಕ್ರಮ ಫಲಿಸಿತೇ ಎಂದು ತಿಳಿಯಲು ಮಗುವನ್ನು ಓದಿಸಿ ನೋಡುವುದೇ ಕೊನೆಯ ಪರೀಕ್ಷೆ. ಆದರೆ ಅನುಭವಗಳು ಒಂದಕ್ಕೊಂದು ವಿರುದ್ಧವಾಗಿ ಸಾಕ್ಷಿ ಹೇಳಿದಾಗ ಒಳಗಿನ ಕಾರಣ ಬೇಕಾಗುತ್ತದೆ. ಪದಗಳನ್ನು ಚಿತ್ರದಂತೆ ಬಾಯಿಪಾಠ ಮಾಡಿಸಿದವರ ತರಗತಿ ಮೊದಲ ತಿಂಗಳಲ್ಲಿ ಮುಂದಿದ್ದಂತೆ ಕಾಣಬಹುದು; ಕಾಗುಣಿತ ಹಿಡಿದು ನಿಧಾನವಾಗಿ ಹೋದ ತರಗತಿ ಹಿಂದಿದ್ದಂತೆ ಕಾಣಬಹುದು. ಯಾವುದು ಮುಂದೆ ಹೊಸ ಪದವನ್ನು ಓದಿಸೀತು ಎಂದು ಅರಿಯಲು, ಕಟ್ಟುತ್ತಿರುವ ದಾರಿ ಯಾವುದೆಂದು ತಿಳಿದಿರುವುದು ನೆರವಾಗುತ್ತದೆ. ವಿಜ್ಞಾನ ಇಲ್ಲಿ ಮೇಡಂ ಅವರ ತಾಳ್ಮೆಗೆ ಕಾರಣ ಒದಗಿಸುತ್ತದೆ, ಅವಸರದ ತಪಾಸಣಾಧಿಕಾರಿಗೆ ಉತ್ತರವನ್ನೂ ಒದಗಿಸುತ್ತದೆ.

ಇನ್ನೊಂದು ಆಕ್ಷೇಪ ನೈತಿಕವಾದದ್ದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ತೂಕದ್ದು. ಓದು ಮಿದುಳನ್ನು ಬದಲಿಸುತ್ತದೆ ಎಂದಾಗ, ಓದದವರ ಮಿದುಳು ಅರೆಬರೆ ಎಂಬ ಧ್ವನಿ ಬಂದೇಬಿಡುತ್ತದೆ. ಕನ್ನಡ ನಾಡಿನಲ್ಲಿ ಆ ಮಾತನ್ನು ಸುಲಭವಾಗಿ ಆಡುವಂತಿಲ್ಲ. ಓದದೆಯೂ ಕಾವ್ಯದಲ್ಲಿ ನುರಿತವರು ಈ ನಾಡಿನ ಜನ ಎಂಬ ಅಭಿಪ್ರಾಯ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲೇ ಇದೆ. ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರೂ, ಮಲೆ ಮಹದೇಶ್ವರ ಕಾವ್ಯವನ್ನು ದೇವರಗುಡ್ಡರೂ ರಾತ್ರಿಯಿಡೀ ಹಾಡಿ ಉಳಿಸಿಕೊಂಡು ಬಂದದ್ದು ಪುಸ್ತಕದ ನೆರವಿನಿಂದಲ್ಲ. ಅವರ ಮಿದುಳಿನಲ್ಲೂ ಸಂಪರ್ಕಗಳ ದೊಡ್ಡ ಜಾಲವೇ ಇದೆ. ಅದು ಕಿವಿ, ಲಯ, ನೆನಪುಗಳ ನಡುವೆ ಹೆಣೆದದ್ದು. ಅಕ್ಷರ ಕಲಿತವರ ಕಣ್ಣು ಹೆಣೆದದ್ದು ಬೇರೊಂದು ಜಾಲ. ಆದರೆ ಇಂದಿನ ಬದುಕು ಆ ಎರಡನೆಯ ಜಾಲದ ಸುತ್ತ ನಿಂತಿದೆ: ಪಡಿತರ ಚೀಟಿ, ಬಸ್ಸಿನ ಬೋರ್ಡು, ಔಷಧದ ಚೀಟಿ, ಜಮೀನಿನ ಪಹಣಿ, ಮೊಬೈಲಿಗೆ ಬರುವ ಒಟಿಪಿ. ಅದು ಇಲ್ಲದಿರುವುದು ಮಿದುಳಿನ ಕೊರತೆಯಲ್ಲ, ಸಿಗಬೇಕಾದದ್ದು ಸಿಗದ ಅನ್ಯಾಯ. ಅದನ್ನು ಸರಿಪಡಿಸಲು ಮಿದುಳು ಯಾವ ವಯಸ್ಸಿನಲ್ಲೂ ಸಹಕರಿಸುತ್ತದೆ ಎಂಬುದಷ್ಟೇ ವಿಜ್ಞಾನದ ಮಾತು.

2011ರ ಜನಗಣತಿಯಂತೆ, ಏಳು ವರ್ಷ ತುಂಬಿದವರಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75.36. ಉಳಿದ ಕಾಲು ಭಾಗದ ಬಗ್ಗೆ ನಾವು ಮಾತಾಡುತ್ತೇವೆ. ಆದರೆ ಮುಕ್ಕಾಲು ಭಾಗದೊಳಗೂ ಹೆಸರು ಬರೆಯಲು ಕಲಿತು ಅಲ್ಲಿಗೇ ನಿಂತವರು ಇರುತ್ತಾರೆ, ಅವರ ಬಗ್ಗೆ ಮಾತಾಡುವುದು ಕಡಿಮೆ. ಇಲ್ಲಿ ಕೊನೆಯ ಒಂದು ಸಾಕ್ಷ್ಯವನ್ನು ಮುಂದಿಡುತ್ತೇನೆ. ಜರ್ಮನಿಯ ಬೊಗ್ಡಾನ್ ಡ್ರಗಾನ್ಸ್ಕಿ ತಂಡ 2004ರಲ್ಲಿ, ಮೂರು ಚೆಂಡುಗಳನ್ನು ಗಾಳಿಯಲ್ಲಿ ಎಸೆದಾಡುವುದನ್ನು ಕಲಿತವರ ಮಿದುಳನ್ನು ಅಳೆಯಿತು. ಮೂರು ತಿಂಗಳ ಅಭ್ಯಾಸದಿಂದ ಚಲನೆಯನ್ನು ಗ್ರಹಿಸುವ ದೃಷ್ಟಿ ವಲಯದಲ್ಲಿ, ನರಕೋಶಗಳಿರುವ ಬೂದು ದ್ರವ್ಯ ಹಿಗ್ಗಿತ್ತು. ಅಭ್ಯಾಸ ಬಿಟ್ಟು ಮತ್ತೆ ಮೂರು ತಿಂಗಳಾದಾಗ ಆ ಹಿಗ್ಗು ಬಹುಪಾಲು ಇಳಿದಿತ್ತು. ಹೋಫರ್ ಕಂಡ ಮೊಗ್ಗುಗಳು ಉಳಿದದ್ದೂ, ಇಲ್ಲಿ ಹಿಗ್ಗು ಇಳಿದದ್ದೂ ಸೇರಿ ಹೇಳುವುದಿಷ್ಟು: ದಾರಿಯ ಗುರುತು ಉಳಿಯಬಹುದು, ನಡೆಯುವವರಿಲ್ಲದೆ ಅದು ದಾರಿಯಾಗಿ ಉಳಿಯುವುದಿಲ್ಲ. ಹಾಗಾಗಿ ವಯಸ್ಕರ ಶಿಕ್ಷಣವನ್ನು ಆರು ತಿಂಗಳ ಶಿಬಿರವೆಂದು ಎಣಿಸಿ, ಪ್ರಮಾಣಪತ್ರ ಕೊಟ್ಟು ಮುಗಿಸುವುದು ಮಿದುಳಿನ ಲೆಕ್ಕಕ್ಕೆ ವಿರುದ್ಧ. ಶಿಬಿರ ಮುಗಿದ ಮಾರನೆಯ ದಿನವೇ ನಿಜವಾದ ಕೆಲಸ ಶುರು. ನಮ್ಮ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು, ಈಗಿನ ಅರಿವು ಕೇಂದ್ರಗಳು, ಹೊಸದಾಗಿ ಓದು ಕಲಿತವರೂ ಓದಬಹುದಾದ ದಪ್ಪಕ್ಷರದ, ದೊಡ್ಡವರ ಬದುಕಿಗೆ ಹೊಂದುವ ಪುಸ್ತಕಗಳನ್ನು ಇಟ್ಟು, ಹೊಲದ ಕೆಲಸ ಮುಗಿದ ಹೊತ್ತಿನಲ್ಲೂ ತೆರೆದಿರಬೇಕು ಎಂದು ನಾನು ಕೇಳುವುದು ಈ ಕಾರಣಕ್ಕೆ.

ಪ್ಯಾರಿಸ್‌ನ ವ್ಯಾಪಾರಿಯ ಮಿದುಳಿನಲ್ಲಿ ದಾರಿ ಕಡಿದದ್ದು ಒಂದು ಪೆಟ್ಟಿನಿಂದ, ಒಂದೇ ದಿನದಲ್ಲಿ. ಅಕ್ಷರ ಕಲಿತು ಬಿಟ್ಟವರಲ್ಲಿ ಅದು ವರ್ಷಗಟ್ಟಲೆ ಹುಲ್ಲು ಬೆಳೆದು ಮುಚ್ಚುತ್ತದೆ. ಮೊದಲನೆಯದಕ್ಕೆ ದೆಜೆರಿನ್ ಬಳಿ ಮದ್ದಿರಲಿಲ್ಲ. ಎರಡನೆಯದಕ್ಕೆ ನಮ್ಮಲ್ಲಿದೆ, ದುಬಾರಿಯೂ ಅಲ್ಲ: ಓದುವಂಥದ್ದು ಏನಾದರೂ, ದಿನಕ್ಕಿಷ್ಟು, ಕೈಗೆ ಸಿಗುವ ಹಾಗೆ.